ತಟ್ಟೆಯ ಹೆಂಗಸು

ಮಾರ್ಚ್ 3, ಸೋಮವಾರ. ಊಟದ ಬಿಡುವು

ಅಂಗಡಿಯಲ್ಲಿ ಬೆಳಗ್ಗೆಯಿಂದ ಬರೀ ಓದುವ ಕನ್ನಡಕ. ಲೆನ್ಸ್ ಉಜ್ಜಿದ್ದೇ ಉಜ್ಜಿದ್ದು. ಬೆರಳ ತುದಿಯೆಲ್ಲ ಬಿಳಿ ಪುಡಿ. ಅದೇ ಕೈಯಲ್ಲಿ ಮೊಬೈಲ್ ತೆಗೆದು ‘ಹಗ್ಗದ ದೋಣಿ’ ಧಾರಾವಾಹಿಯ ಅಭಿಮಾನಿಗಳ ಗ್ರೂಪ್ ನೋಡಿದರೆ — ರಣರಂಗ.

ನಿನ್ನೆ ಸಂಜೆಯ ಎಪಿಸೋಡ್ ಕಾರಣ. ಮೂಲ ಕಾದಂಬರಿಯಲ್ಲಿ ಗಂಡ ಸತ್ತ ಸುದ್ದಿ ಬಂದಾಗ ದೋಣಿಯವಳು ದಡದ ಮೇಲೆ ಬಿದ್ದು ಹೊರಳಾಡುತ್ತಾಳೆ. ಪೂರಾ ಮೂರು ಪುಟ. ಟಿವಿಯವರು ಮಾಡಿದ್ದೇನು? ಊಟಕ್ಕೆ ಕೂತಿದ್ದಾಳೆ. ಸುದ್ದಿ ತಂದವನು ಬಾಗಿಲಲ್ಲೇ ನಿಂತಿದ್ದಾನೆ. ಇವಳು ತಟ್ಟೆ ಖಾಲಿ ಮಾಡಿ ಏಳುತ್ತಾಳೆ. ಅಷ್ಟೇ. ಕಟ್.

‘ಪುಟ ಮಡಚಿದವ’ ಕೆಂಡವಾಗಿದ್ದಾನೆ. ಗ್ರೂಪಿನಲ್ಲಿ ಅವನದು ಅದೇ ಹೆಸರು. ಅಸಲಿ ಹೆಸರು ಯಾರಿಗೂ ಗೊತ್ತಿಲ್ಲ. ಕಾದಂಬರಿಯ ಕಾವಲುಗಾರ. ಹಗ್ಗವನ್ನು ಎಡದಂಡೆಯ ಬದಲು ಬಲದಂಡೆಗೆ ಕಟ್ಟಿದ್ದಾರೆ ಎಂದು ಕಳೆದ ತಿಂಗಳು ಒಂದು ವಾರ ಜಗಳ ಕಾದವನು. ಇವತ್ತು ಬರೆದಿದ್ದಾನೆ: ‘ನಮ್ಮ ದೋಣಿಯವಳನ್ನು ಕಲ್ಲು ಮಾಡಿಬಿಟ್ಟರು. ಇಂಥ ಹೆಂಗಸು ಭೂಮಿಯ ಮೇಲೆ ಇರುವುದು ಸಾಧ್ಯವಿಲ್ಲ.’ ಅದಕ್ಕೆ ಎಲ್ಲರ ಜೈಕಾರ.

ಸಾಧ್ಯವಿಲ್ಲವಂತೆ...

ನಿನ್ನೆ ಅಕ್ಕನ ಮನೆಯಲ್ಲೇ ನೋಡಿದ್ದು, ಎಲ್ಲ ಭಾನುವಾರದ ಹಾಗೆ. ಅಕ್ಕ, ಅವಳ ಅತ್ತೆ, ನಾನು, ಒಂದೇ ಸೋಫಾ. ಆ ದೃಶ್ಯ ಬಂದಾಗ ಅಕ್ಕ ಎದ್ದು ಒಳಗೆ ಹೋದಳು. ನೀರು ತರುತ್ತೇನೆಂದಳು. ತರಲಿಲ್ಲ.

ಮಾರ್ಚ್ 4, ಮಂಗಳವಾರ

ಬರೆದೇಬಿಟ್ಟೆ. ಬಸ್ಸಿನಲ್ಲಿ ಶುರು, ಅಂಗಡಿಯ ಹಿಂದಿನ ಕೋಣೆಯಲ್ಲಿ ಮುಗಿಸಿದ್ದು. ಯಜಮಾನರು ಎರಡು ಸಲ ಕೂಗಿದರೂ ಕೇಳಿಸಲಿಲ್ಲ.

‘ನನಗೆ ಗೊತ್ತಿರುವ ಒಬ್ಬಳಿದ್ದಾಳೆ’ ಎಂದು ಶುರು. ಗಂಡ ಕೈ ಎತ್ತಿದವನಲ್ಲ, ಕುಡಿದವನಲ್ಲ. ಮಾತು ಬಿಡುತ್ತಿದ್ದ. ಟೀ ತಣ್ಣಗಾದರೆ ವಾರ, ಬೀಗದ ಕೈ ಮರೆತರೆ ತಿಂಗಳು. ಬೇಕಾದ್ದಕ್ಕೆ ಬೆರಳು ತೋರಿಸುವುದು. ಅವನಿದ್ದ ಮನೆಯಲ್ಲಿ ಅವಳು ಚಮಚವನ್ನೂ ಸದ್ದಾಗದಂತೆ ಇಡಲು ಕಲಿತಿದ್ದಳು. ಒಂದು ಮಧ್ಯಾಹ್ನ ಫೋನ್ ಬಂತು — ಅವನು ಕೆಲಸದ ಜಾಗದಲ್ಲೇ ಎದೆ ಹಿಡಿದುಕೊಂಡು ಕುಸಿದ, ಹೋದ. ಅವಳು ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡಳು. ಆಮೇಲೆ ಎದ್ದು ತಟ್ಟೆಯನ್ನು ಸಿಂಕಿಗೆ ಎತ್ತಿ ಹಾಕಿದಳು, ಮನೆಯೆಲ್ಲ ಝಣ್ ಎನ್ನುವ ಹಾಗೆ. ಎಷ್ಟೋ ವರ್ಷದ ಮೇಲೆ ಆ ಮನೆಯಲ್ಲಿ ಅವಳು ಮಾಡಿದ ಮೊದಲ ಸದ್ದು. ‘ದೋಣಿಯವಳು ಕಲ್ಲಲ್ಲ. ನೀವು ಅಂಥವಳ ಪಕ್ಕ ಕೂತು ಉಂಡಿಲ್ಲ, ಅಷ್ಟೇ’ — ಇದು ಕೊನೆಯ ಸಾಲು.

ಸಾಲು ಚೆನ್ನಾಗಿ ಬಂತು. ಓದಿ ನನಗೇ ಮೈ ಜುಮ್ಮೆಂದಿತು.

ಹೆಸರು ಹಾಕಿಲ್ಲ. ಊರು ಹಾಕಿಲ್ಲ. ಗ್ರೂಪಿನಲ್ಲಿ ನಾನು ‘ಮಸೂರ’. ಮಸೂರಕ್ಕೆ ಒಬ್ಬ ಅಕ್ಕ ಇದ್ದಾಳೆಂದು ಯಾರಿಗೆ ಗೊತ್ತು?

ಮಾರ್ಚ್ 5, ಬುಧವಾರ. ಬೆಳಗ್ಗೆ

ಮೊಬೈಲ್ ಕೈಯಲ್ಲಿ ನಿಲ್ಲುತ್ತಿಲ್ಲ, ಕಂಪಿಸುತ್ತಲೇ ಇದೆ. ಇಷ್ಟು ದಿನ ನನ್ನ ಪೋಸ್ಟಿಗೆ ಬರುತ್ತಿದ್ದ ಲೈಕುಗಳನ್ನು ಎರಡು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಈಗ ಎಣಿಸುವ ಮಾತೇ ಇಲ್ಲ. ಯಾರೋ ಬರೆದಿದ್ದಾರೆ: ‘ಬಸ್ಸಿನಲ್ಲಿ ಓದಿ ಅತ್ತುಬಿಟ್ಟೆ.’ ಇನ್ಯಾರೋ: ‘ನಮ್ಮ ಅಮ್ಮ.’ ಅಷ್ಟೇ, ಎರಡೇ ಪದ.

‘ಪುಟ ಮಡಚಿದವ’ ಕೂಡ: ‘ಸೋತೆ. ಕಾದಂಬರಿಗಿಂತ ಇದು ದೊಡ್ಡದು.’ ಅವನು! ಹಗ್ಗದ ದಂಡೆಗೆ ಜೀವ ಬಿಡುವವನು!

ಸಂಜೆ

ಸರಣಿಗೆ ಚಿತ್ರಕಥೆ ಬರೆದಾಕೆಯೇ ಕಾಮೆಂಟ್ ಹಾಕಿದ್ದಾಳೆ. ‘ಬರೆಯುವಾಗ ಇವಳೇ ನನ್ನ ಕಣ್ಣ ಮುಂದಿದ್ದಳು, ಯಾರೆಂದು ಗೊತ್ತಿರಲಿಲ್ಲ.’

ಅಂಗಡಿಯಲ್ಲಿ ಕುಣಿಯುವುದೊಂದು ಬಾಕಿ. ಯಾರಿಗಾದರೂ ಹೇಳಬೇಕು. ಏನೇ ಆದರೂ ಮೊದಲು ಅಕ್ಕನಿಗೆ ಹೇಳುವುದು ನನ್ನ ಅಭ್ಯಾಸ. ಫೋನ್ ತೆಗೆದೆ, ಹೆಸರು ಒತ್ತಿದೆ, ಒಂದು ರಿಂಗ್ ಆಗುವಷ್ಟರಲ್ಲಿ ಕಟ್ ಮಾಡಿದೆ.

ಅವಳೇ ವಾಪಸ್ ಮಾಡಿದಳು. ‘ಏನೇ?’

‘ಏನಿಲ್ಲ. ಕೈತಪ್ಪಿ ಹೋಯ್ತು.’

‘ವ್ಯಾನ್ ಓಡಿಸ್ತಿದ್ದೀನಿ ಕಣೇ. ಬ್ರೆಡ್ಡಿನ ಟ್ರೇ ಎಲ್ಲ ಹಿಂದೆ ಗಡಗಡ ಅಂತಿದೆ. ಇಡ್ಲಾ?’

ಇಟ್ಟಳು.

ಮಾರ್ಚ್ 9, ಭಾನುವಾರ

ಅಕ್ಕನ ಮನೆಗೆ ಹೋಗಿ ಬಂದೆ. ಸೋಫಾದ ಮೇಲೆ ಮುಳ್ಳಿನ ಮೇಲೆ ಕೂತ ಹಾಗೆ ಕೂತಿದ್ದೆ.

ಅವಳಿಗೆ ಗೊತ್ತಿಲ್ಲ. ಗ್ರೂಪು ಗೀಪು ಅವಳು ನೋಡುವವಳಲ್ಲ. ‘ನೋಡಿ ಆಯ್ತು, ಅತ್ತು ಆಯ್ತು, ಅದನ್ನ ಮತ್ತೆ ಕುಯ್ದು ನೋಡೋದೇನು?’ ಎನ್ನುವವಳು. ಆದರೂ ಎಪಿಸೋಡ್ ಮುಗಿದ ಮೇಲೆ ಅರ್ಧ ಗಂಟೆ ವಾದ ಮಾಡುವುದು ಅವಳೇ. ಪುಸ್ತಕದಲ್ಲಿ ಇಲ್ಲದ್ದನ್ನು ಸೇರಿಸಿದರೆ ಅವಳಿಗೆ ಆಗುವುದಿಲ್ಲ. ಇವತ್ತು ದೋಣಿಯವಳಿಗೆ ಒಬ್ಬ ಹೊಸ ಗೆಳತಿಯನ್ನು ತಂದಿದ್ದಾರೆಂದು ಕೋಪ. ‘ಇವಳು ಎಲ್ಲಿಂದ ಉದುರಿದ್ಲು? ಬರೆದವರ ಹತ್ರ ಒಂದು ಮಾತು ಕೇಳಿದ್ರಾ?’

ನಾನು ತಲೆ ತಗ್ಗಿಸಿ ನಕ್ಕೆ.

ಹೋದ ವರ್ಷ ಅವಳ ವ್ಯಾನಿನಲ್ಲಿ ನನ್ನ ಬೀರು ಸಾಗಿಸುವಾಗ, ರೈಲ್ವೆ ಗೇಟ್ ಹಾಕಿ ಕಾಯುತ್ತಿದ್ದಾಗ ಹೇಳಿದ್ದಳು ಅದನ್ನೆಲ್ಲ. ಸ್ಟೀರಿಂಗ್ ನೋಡುತ್ತಾ. ಯಾರಿಗೂ ಹೇಳಬೇಡ ಎನ್ನಲಿಲ್ಲ. ನನಗೆ ಹಾಗೆ ಹೇಳಬೇಕಾಗುತ್ತದೆಂದು ಅವಳಿಗೆ ಹೊಳೆದೇ ಇಲ್ಲ.

ಅತ್ತೆಯವರು ಭಾವನ ಫೋಟೋದ ಗಾಜು ಒರೆಸುತ್ತಿದ್ದರು. ಪಕ್ಕದ ಮನೆಯಾಕೆಗೆ ಮತ್ತೆ ಅದೇ ಮಾತು: ‘ಸುದ್ದಿ ಕೇಳಿ ನನ್ನ ಸೊಸೆ ಕೈಯಿಂದ ತಟ್ಟೆ ಜಾರಿಬಿತ್ತು ಕಣಮ್ಮ. ಕಣ್ಣಲ್ಲಿ ನೀರೇ ಬರಲಿಲ್ಲ ಪಾಪ, ಅಷ್ಟು ಪ್ರಾಣ ಅವನಂದ್ರೆ.’ ಮೂರು ವರ್ಷದಿಂದ ಹೇಳುತ್ತಿದ್ದಾರೆ. ಅಕ್ಕ ಮೂರು ವರ್ಷದಿಂದ ಸುಮ್ಮನಿದ್ದಾಳೆ. ಆ ಒಂದು ಮಾತಿನ ಮೇಲೆ ಆ ಮನೆ ನಿಂತಿದೆ.

ಪೋಸ್ಟ್ ತೆಗೆದುಬಿಡಲೇ? ಬಸ್ಸಿನಲ್ಲಿ ಬರುವಾಗ ತೆರೆದೆ. ಮೇಲೆ ಹೊಸ ಹೊಗಳಿಕೆ ಇತ್ತು. ಓದಿದೆ. ಇನ್ನೊಂದು ಓದಿದೆ. ನನ್ನ ಸ್ಟಾಪು ದಾಟಿ ಹೋಯಿತು.

ತೆಗೆಯಲಿಲ್ಲ.

ಮಾರ್ಚ್ 13, ಗುರುವಾರ



ಯಾರೋ ನನ್ನ ಪೋಸ್ಟನ್ನು ಓದಿ ವಿಡಿಯೋ ಮಾಡಿದ್ದಾರೆ. ಹಿಂದೆ ಪಿಟೀಲು. ಹೆಸರು: ‘ತಟ್ಟೆಯ ಹೆಂಗಸು.’ ಎಲ್ಲ ಕಡೆ ಹರಿದಾಡುತ್ತಿದೆ. ಅತ್ತೆಯವರ ಮೊಬೈಲಿಗೂ ಹೋಗಿದೆ. ಹೋಗದೆ ಏನು? ‘ಹಗ್ಗದ ದೋಣಿ’ಯ ವಿಡಿಯೋ ಮಾಡುವ ಆ ಚಾನೆಲನ್ನು ಅವರ ಮೊಬೈಲಿಗೆ ಹಾಕಿಕೊಟ್ಟವಳೇ ನಾನು.

ಮಧ್ಯಾಹ್ನ ಅಂಗಡಿಗೆ ಬಂದರು. ಒಬ್ಬರೇ. ಕನ್ನಡಕದ ಮೂಗಿನ ಪ್ಯಾಡ್ ಸಡಿಲವಂತೆ. ನೋಡಿದೆ — ಸಡಿಲ ಇರಲಿಲ್ಲ. ಆದರೂ ಸ್ಕ್ರೂ ಬಿಚ್ಚಿ ಮತ್ತೆ ಹಾಕಿದೆ. ಕನ್ನಡಕ ಇಲ್ಲದೆ ಅವರ ಕಣ್ಣು ಚಿಕ್ಕದಾಗಿ, ತೀರಾ ಬೆತ್ತಲೆಯಾಗಿ ಕಂಡಿತು.

‘ಆ ತಟ್ಟೆ ಹೆಂಗಸಿನ ವಿಡಿಯೋ ನೋಡಿದ್ಯಾ?’

‘ಯಾವುದು ಅತ್ತೆ?’

‘ಎಲ್ಲರೂ ನೋಡಿದ್ದಾರೆ. ನೀನು ನೋಡಿಲ್ವಾ?’

‘ಹಾಂ... ಅದಾ. ಸ್ವಲ್ಪ ನೋಡಿದೆ.’

‘ಬರೆದದ್ದು ಯಾರೋ?’

‘ಯಾರೋ ಇರ್ಬೇಕು ಅತ್ತೆ. ಸಾವಿರ ಜನ ಬರೀತಾರೆ.’

‘ನೀನಲ್ವಲ್ಲ?’

‘ಅಯ್ಯೋ, ನಾನಾ? ನನಗೆಲ್ಲಿ ಬರೆಯೋಕೆ ಬರುತ್ತೆ?’

ಬಾಯಿ ತಾನಾಗಿ ಹೇಳಿತು. ಒಂದು ಕ್ಷಣವೂ ತಡವರಿಸಲಿಲ್ಲ. ನಕ್ಕೆ ಬೇರೆ.

ಅತ್ತೆಯವರು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. ‘ಈಗ ಸರಿಯಾಗಿ ಕಾಣ್ತಿದೆ’ ಎಂದರು. ಹೋದರು.

ಮಾರ್ಚ್ 16, ಭಾನುವಾರ

ಜ್ವರ ಎಂದು ಅಕ್ಕನಿಗೆ ಮೆಸೇಜ್ ಹಾಕಿದೆ. ಓದಿದ ಗುರುತು ಬಂತು. ಉತ್ತರ ಬರಲಿಲ್ಲ. ನನಗೆ ನೆಗಡಿ ಎಂದರೂ ಕಷಾಯದ ಡಬ್ಬಿ ಹಿಡಿದು ಓಡಿ ಬರುವವಳು.

ಗೊತ್ತಾಗಿದೆ.

ಮಾರ್ಚ್ 20, ಗುರುವಾರ

ಫೋನ್ ಇಲ್ಲ. ನಾನೂ ಮಾಡಿಲ್ಲ. ಮಾಡಿ ಏನೆನ್ನಲಿ?

ಗ್ರೂಪಿನಲ್ಲಿ ಈಗ ದೋಣಿಯವಳನ್ನು ಯಾರೂ ಕೇಳುವವರಿಲ್ಲ. ಎಲ್ಲರಿಗೂ ತಟ್ಟೆಯ ಹೆಂಗಸೇ ಬೇಕು. ಒಬ್ಬ ಅವಳ ಚಿತ್ರ ಬರೆದಿದ್ದಾನೆ — ಉದ್ದ ಕೂದಲು, ಕೆಂಪು ಸೀರೆ, ಕೈಯಲ್ಲಿ ಹೊಳೆಯುವ ತಟ್ಟೆ. ಅಕ್ಕನದು ಮೋಟು ಕೂದಲು, ಬೇಕರಿಯವರು ಕೊಟ್ಟ ಕಂದು ಶರ್ಟು, ತೋಳಿನಲ್ಲಿ ಹಿಟ್ಟು. ಇನ್ನೊಬ್ಬಳ ಪ್ರಕಾರ ಅವಳು ಗಂಡನನ್ನು ಎಂದೂ ಪ್ರೀತಿಸಲೇ ಇಲ್ಲ. ಒಬ್ಬನಂತೂ ‘ಊಟದಲ್ಲಿ ಏನಾದರೂ ಬೆರೆಸಿದ್ದಳೋ ಹೇಗೆ?’ ಎಂದು ಕೇಳಿ ನಗುವ ಮುಖ ಹಾಕಿದ್ದಾನೆ. ಅದರ ಕೆಳಗೆ ಚರ್ಚೆ. ಪಾಯಿಂಟ್ ಪಾಯಿಂಟಾಗಿ. ನಾವು ದೋಣಿಯವಳಿಗೆ ಮಾಡುತ್ತಿದ್ದ ಹಾಗೇ, ಅದೇ ಉತ್ಸಾಹದಲ್ಲಿ.

ತಪ್ಪು, ಅವಳು ಹಾಗಲ್ಲ ಎಂದು ಉದ್ದ ಉತ್ತರ ಬರೆದೆ. ಅವಳು ಅವನ ಶರ್ಟುಗಳನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ ಎಂದೂ ಬರೆದೆ. ಕಳಿಸುವ ಗುಂಡಿಯ ಮೇಲೆ ಬೆರಳು ಇಟ್ಟಾಗ ಬುದ್ಧಿ ಬಂತು — ಮತ್ತೆ ಅದನ್ನೇ ಮಾಡುತ್ತಿದ್ದೇನೆ. ಮತ್ತೆ ಅವಳ ಬೀರು ತೆರೆದು ಬೀದಿಗೆ ತೋರಿಸುತ್ತಿದ್ದೇನೆ.

ಅಳಿಸಿದೆ. ಆಮೇಲೆ ಮೂಲ ಪೋಸ್ಟನ್ನೂ ಅಳಿಸಿದೆ. ಗ್ರೂಪಿನಿಂದ ಹೊರಬಂದೆ.

ಅರ್ಧ ಗಂಟೆಯಲ್ಲಿ ಅಡ್ಮಿನ್ ಮೆಸೇಜು: ‘ಹೆದರಬೇಡಿ ಮಸೂರ, ನಮ್ಮ ಹತ್ತಿರ ಸ್ಕ್ರೀನ್‌ಶಾಟ್ ಇದೆ, ಮತ್ತೆ ಹಾಕಿದ್ದೇವೆ.’ ಕೊನೆಗೊಂದು ಹೃದಯದ ಚಿಹ್ನೆ.

ಮಾರ್ಚ್ 25, ಮಂಗಳವಾರ

ಅಕ್ಕ ಬಂದಿದ್ದಳು.

ಅಂಗಡಿ ಮುಂದೆ ವ್ಯಾನ್ ಅಡ್ಡಾದಿಡ್ಡಿ ನಿಲ್ಲಿಸಿ ನೇರ ಹಿಂದಿನ ಕೋಣೆಗೇ ನುಗ್ಗಿದಳು. ನಾನು ಲೆನ್ಸ್ ಉಜ್ಜುತ್ತಿದ್ದೆ. ಅವಳೇ ಯಂತ್ರದ ಸ್ವಿಚ್ ಆರಿಸಿದಳು.

‘ಎರಡನೇ ಸಲ ಬಡಿಸ್ಕೊಂಡೆ ಅಂತ ಬರ್ದಿದ್ದೀಯಲ್ಲ, ಯಾವಾಗ್ಲೇ ಬಡಿಸ್ಕೊಂಡೆ ನಾನು?’

ಮೊದಲ ಮಾತೇ ಅದು. ನಾನು ಏನೆಲ್ಲಕ್ಕೋ ಸಿದ್ಧವಾಗಿದ್ದೆ, ಇದಕ್ಕಲ್ಲ. ಹೌದು, ಹಾಗೆ ಬರೆದಿದ್ದೆ. ಬರಹದ ಓಟಕ್ಕೆ ಬೇಕಿತ್ತೆಂದು ಸೇರಿಸಿದ್ದೆ. ಸೇರಿಸಿದ್ದೇ ಮರೆತಿತ್ತು, ಇಲ್ಲಿ ಬರೆದುಕೊಳ್ಳುವಾಗಲೂ ಬಿಟ್ಟಿದ್ದೇನೆ.

‘ತಟ್ಟೆ ಹಾಕಿ ನಕ್ಕಳು ಅಂತ. ನಕ್ಕೆನಾ? ನೀನಿದ್ಯಾ ಅಲ್ಲಿ?’

‘ಇಲ್ಲ.’

‘ಜೋರಾಗಿ ಹೇಳು.’

‘ಇಲ್ಲ ಅಕ್ಕ.’

‘ಗಂಟಲಲ್ಲಿ ಇಳೀತಿರ್ಲಿಲ್ಲ ಕಣೇ. ನೀರು ಕುಡಿದು ಕುಡಿದು ನೂಕ್ದೆ. ಎದ್ರೆ ಅತ್ತೆಗೆ ಹೇಳ್ಬೇಕು, ಹೇಳಿದ್ರೆ ನಿಜ ಆಗುತ್ತೆ, ಅದಕ್ಕೆ ಉಣ್ತಾ ಕೂತೆ. ತಟ್ಟೆ ಎತ್ತಿ ಹಾಕಿದ್ದು ಹೌದು. ಹಗುರ ಆಗಿದ್ದೂ ಹೌದು. ಆಮೇಲೆ ಒಂದು ತಿಂಗಳು ವ್ಯಾನಲ್ಲಿ ಅತ್ತಿದ್ದೂ ಹೌದು — ದಿನಾ, ಟ್ರೇ ಇಳಿಸೋಕೆ ಮುಂಚೆ ಮುಖ ಒರೆಸ್ಕೊಂಡು. ಅದನ್ನ ನಿನಗೆ ಹೇಳಿರ್ಲಿಲ್ಲ. ನೀನು ಕೇಳಿದ್ಯಾ? ಅರ್ಧ ಕೇಳಿಸ್ಕೊಂಡು ಉಳಿದದ್ದು ನೀನೇ ಹೊಲ್ಕೊಂಡೆ. ಆ ಟಿವಿಯವರಿಗಿಂತ ಕಡೆ ನೀನು. ಅವರು ಬರೆದವರ ಹತ್ರ ದುಡ್ಡು ಕೊಟ್ಟಾದ್ರೂ ತಗೊಂಡ್ರು.’

ಯಜಮಾನರು ಇಣುಕಿದರು. ಕನ್ನಡಕ ಕೊಳ್ಳಲು ಬಂದಿದ್ದ ಒಬ್ಬಾಕೆ ಫ್ರೇಮ್ ಒಂದನ್ನು ಕೈಯಲ್ಲೇ ಹಿಡಿದು ನಿಂತಿದ್ದಳು. ಅಕ್ಕ ದನಿ ತಗ್ಗಿಸಲಿಲ್ಲ.

‘ತಪ್ಪಾಯ್ತು’ ಎಂದೆ.

‘ಆಯ್ತು. ದೊಡ್ಡ ತಪ್ಪೇ ಆಯ್ತು.’

ನಾನು ಅತ್ತುಬಿಟ್ಟೆ. ಅಕ್ಕ ಉಸಿರು ತೆಗೆದುಕೊಂಡಳು. ಆಮೇಲೆ ಹೇಳಿದಳು — ಇದನ್ನು ಮರೆಯಲಾರೆ:

‘ನಿನ್ನ ಜೊತೆ ಮಾತು ಬಿಟ್ಟುಬಿಡೋಣ ಅನ್ಕೊಂಡೆ. ಬಿಟ್ಟೂ ನೋಡ್ದೆ. ಚೆನ್ನಾಗೇ ಇತ್ತು. ಅದೇ ಭಯ ಆಯ್ತು ನನಗೆ. ಇದು ನಿನ್ನ ಭಾವನ ಬುದ್ಧಿ, ನನಗೂ ಅಂಟ್ಕೊಂಡಿದೆ ಅನ್ನಿಸ್ತು. ನನಗದು ಬೇಡ. ಅದಕ್ಕೇ ಬೈಯೋಕೆ ಅಂತಾನೇ ಬಂದೆ.’

ಮತ್ತೆ ಬೈದಳು. ಸಾಕಷ್ಟು ಹೊತ್ತು. ಹಳೆಯದನ್ನೂ ಎಳೆದು ತಂದಳು. ಚಿಕ್ಕಂದಿನಲ್ಲಿ ಅವಳ ಹಾಡನ್ನು ನಾನು ಕ್ಲಾಸಿನಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದನ್ನೂ ಬಿಡಲಿಲ್ಲ. ನಾನು ಅಳುತ್ತಾ ನಿಂತಿದ್ದೆ. ಅಳಬೇಡ ಎನ್ನಲಿಲ್ಲ.

ಹೊರಡುವಾಗ ಕೇಳಿದೆ, ಅತ್ತೆಯವರು?

‘ನನ್ನ ಮುಂದೇನೇ ವಿಡಿಯೋ ಹಾಕಿದ್ರು. ಎರಡು ಸಲ. ಏನೂ ಅನ್ಲಿಲ್ಲ. ಈಗ ಫೋಟೋ ಒರೆಸೋದು ಬಿಟ್ಟಿದ್ದಾರೆ. ಪಕ್ಕದ ಮನೆಯವರು ಬಂದ್ರೆ ಒಳಗೆ ಹೋಗ್ತಾರೆ. ನಾನು ಏನು ಹೇಳ್ಲಿ? ಹೌದು ಅನ್ಲಾ, ಅಲ್ಲ ಅನ್ಲಾ?’

ಸ್ವಿಚ್ ಅವಳೇ ಹಾಕಿ ಹೋದಳು. ಯಂತ್ರ ಗರ್ ಎಂದಿತು. ಆಮೇಲೆ ಉಜ್ಜಿದ ಲೆನ್ಸ್ ಎರಡೂ ಹಾಳು.

ಮಾರ್ಚ್ 29, ಶನಿವಾರ

ಅಕ್ಕ ವ್ಯಾನಿನಲ್ಲಿ ಬ್ರೆಡ್ ಹಂಚಲು ಹೋಗಿರುವ ಹೊತ್ತು ನೋಡಿಕೊಂಡು ಅತ್ತೆಯವರ ಹತ್ತಿರ ಹೋದೆ. ಕಿಟಕಿ ಪಕ್ಕ ಕೂತು ಆಸ್ಪತ್ರೆಯ ದಿಂಬಿನ ಕವರುಗಳಿಗೆ ಅಂಚು ಹೊಲಿಯುತ್ತಿದ್ದರು. ಹೊಲಿಗೆ ಯಂತ್ರ ನಿಲ್ಲಿಸಲಿಲ್ಲ.

‘ಅತ್ತೆ, ಅವತ್ತು ಅಂಗಡೀಲಿ ನಾನು ಸುಳ್ಳು ಹೇಳಿದೆ.’

‘ಗೊತ್ತು.’

‘ಬರೆದದ್ದು ನಾನೇ.’

‘ಅದೂ ಗೊತ್ತು. ಆ ತಟ್ಟೆ ಸದ್ದು ಬಿದ್ದದ್ದು ನನ್ನ ಕಿವಿಗೆ. ಬೇರೆ ಯಾರ ಮನೇದು ಅಂತ ಹೇಗೆ ಅಂದ್ಕೊಳ್ಲಿ?’

ಅದರಲ್ಲಿ ಸ್ವಲ್ಪ ನಾನು ಸೇರಿಸಿದ್ದು ಎಂದೆ. ಎರಡನೇ ಸಲದ ಊಟ, ನಗು — ಸುಳ್ಳು ಎಂದೆ. ಹಾಗೆ ಹೇಳಿದರೆ ಅವರಿಗೆ ಹಗುರವಾಗುತ್ತದೆಂದು ಆಸೆ.

ಯಂತ್ರ ನಿಂತಿತು. ‘ಮಾತು ಬಿಡ್ತಿದ್ದ ಅನ್ನೋದು?’

ಹೊಲಿದಿಟ್ಟ ಕವರೊಂದನ್ನು ತೆಗೆದು ಮಡಚತೊಡಗಿದೆ.

‘ನನಗೆ ಗೊತ್ತಿರ್ಲಿಲ್ಲ ಅಂದ್ಕೊಂಡಿದ್ಯಾ? ಒಂದೇ ಮನೆ. ಎರಡೇ ಕೋಣೆ. ಅವಳ ಹತ್ರ ಮಾತು ಬಿಟ್ಟಾಗೆಲ್ಲ ಅವನು ನನ್ನ ಹತ್ರ ಬಂದು ಕೂರ್ತಿದ್ದ. ಬೇರೆ ದಿನ ಎರಡು ಮಾತಿಗೂ ಪುರುಸೊತ್ತಿರ್ಲಿಲ್ಲ ಅವನಿಗೆ. ಆಗ ಮಾತ್ರ ಗಂಟೆಗಟ್ಲೆ ಕೂರ್ತಿದ್ದ — ಅಮ್ಮಾ ಅದು, ಅಮ್ಮಾ ಇದು. ಒಳಗೆ ಅವಳು ಒಬ್ಳೇ ಇದ್ದಾಳೆ ಅಂತ ಗೊತ್ತು. ಆದ್ರೂ ನನಗೆ... ಇನ್ನೊಂದೆರಡು ದಿನ ಹೀಗೇ ಇರ್ಲಿ ಅನ್ನಿಸ್ತಿತ್ತು.’

ದಾರ ಕಡಿದರು. ನನ್ನತ್ತ ನೋಡಿದರು.

‘ಇದನ್ನೂ ಬರೀತೀಯಾ?’

ಇಲ್ಲ ಅತ್ತೆ ಎಂದೆ. ಇಲ್ಲ, ಖಂಡಿತ ಇಲ್ಲ.

ಬರೆದಿದ್ದೇನಲ್ಲ, ಇಲ್ಲಿ... ಯಾರೂ ಓದದಿದ್ದರೂ. ಹೇಳಿದವರು ಹೇಳಿ ಮುಗಿಸುವ ಮೊದಲೇ ನನ್ನೊಳಗೆ ಒಂದು ಕೈ ಪೆನ್ನು ಹುಡುಕುತ್ತಿರುತ್ತದೆ. ಅವರು ದಾರ ಕಡಿದದ್ದನ್ನು ಕೂಡ ಗಮನಿಸಿಟ್ಟುಕೊಂಡೆ, ಚೆನ್ನಾಗಿದೆ ಎಂದು. ಛೆ.

ಹೊರಡುವಾಗ ಒಂದು ಮಾತು ಕೇಳಿದೆ: ಅಕ್ಕನಿಗೆ ಇದನ್ನ ಹೇಳ್ತೀರಾ?

‘ಹೇಳಿದ್ರೆ ಅವಳು ಈ ಮನೇಲಿ ಇರ್ತಾಳಾ?’ ಎಂದರು.

ಏಪ್ರಿಲ್ 3, ಗುರುವಾರ

ಅಕ್ಕನ ಫೋನ್. ‘ಭಾನುವಾರ ಕೊನೇ ಎಪಿಸೋಡು. ಅತ್ತೆ ನಿನ್ನನ್ನ ಬರ್ಬೇಕು ಅಂದ್ರು.’

‘ನೀನು?’

‘ನಾನು ಇನ್ನೂ ಕೋಪದಲ್ಲೇ ಇದ್ದೀನಿ. ಬಾ.’

ಏಪ್ರಿಲ್ 6, ಭಾನುವಾರ. ಸಂಜೆ

ಹೋಗಿ ಬಂದೆ.

ಸೋಫಾದಲ್ಲಿ ನನಗೆ ತುದಿಯ ಜಾಗ. ನಡುವೆ ಅತ್ತೆಯವರು. ಭಾವನ ಫೋಟೋ ಗೋಡೆಯಲ್ಲೇ ಇದೆ. ಗಾಜಿನ ಮೇಲೆ ಧೂಳು ಇದೆ. ಎಪಿಸೋಡ್ ಸುಮಾರಾಗಿತ್ತು. ದೋಣಿಯವಳು ಹಗ್ಗ ಕಡಿದು ಹೊರಟುಹೋದಳು. ಅತ್ತೆಯವರು ‘ಇನ್ನೊಂಚೂರು ಮುಂಚೆ ಹೋಗ್ಬೇಕಿತ್ತು’ ಎಂದರು. ಅಕ್ಕ ‘ಪುಸ್ತಕದಲ್ಲಿ ಹೋಗಲ್ಲ, ಅಲ್ಲೇ ಇರ್ತಾಳೆ, ಅದೇ ಸರಿ’ ಎಂದಳು. ಇಬ್ಬರೂ ಪಟ್ಟು ಬಿಡದೆ ವಾದ ಮಾಡಿದರು, ಪಕ್ಕದ ಮನೆಗೆ ಕೇಳುವಷ್ಟು ಜೋರಾಗಿ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಆಮೇಲೆ ಅಕ್ಕ ವ್ಯಾನಿನಲ್ಲಿ ಮನೆಗೆ ಬಿಟ್ಟಳು. ಹಿಂದೆ ಖಾಲಿ ಟ್ರೇಗಳ ಸದ್ದು. ಆಮೇಲೆ ಅವಳೇ ಶುರು ಮಾಡಿದಳು. ಬುಧವಾರ ಮಧ್ಯಾಹ್ನ ಬ್ರೆಡ್ ಹಂಚಲು ಹೋಗಲೇ ಇಲ್ಲವಂತೆ. ಅತ್ತೆಯವರು ಬಾಗಿಲು ಹಾಕಿ, ಹೊಲಿಗೆ ಪಕ್ಕಕ್ಕಿಟ್ಟು, ಎದುರಿಗೆ ಕೂರಿಸಿಕೊಂಡರಂತೆ. ಸಂಜೆಯವರೆಗೆ ಇಬ್ಬರೂ ಅಲ್ಲಿಂದ ಏಳಲಿಲ್ಲವಂತೆ.

ಈ ಸಲ ನಾನು ಕೇಳಿದೆ. ನಡುವೆ ಬಾಯಿ ಹಾಕದೆ, ಪೂರ್ತಿ ಕೇಳಿದೆ. ಅರ್ಥವಾಗದ್ದನ್ನು ಮತ್ತೆ ಕೇಳಿದೆ. ನನ್ನ ಮನೆ ಬಂದ ಮೇಲೂ ಇಂಜಿನ್ ಆರಿಸಿ ಕೂತು ಹೇಳಿದಳು. ಅತ್ತೆಯವರು ಬಾಯಿ ಬಿಟ್ಟು ಮೊದಲು ಹೇಳಿದ್ದು —

ಬೇಡ. ಇದನ್ನು ಇಲ್ಲಿಯೂ ಬರೆಯುವುದಿಲ್ಲ.